ಕಂಟ್ರೋಲರ್ ಹಂಪಣ್ಣನ ಒನ್ಸ್ ಮೋರ್

ಪತ್ರಿಕೆಯಲ್ಲಿ ಬಂದ ಆ ಛಾಯಾಚಿತ್ರದ ಎಡ ಅಂಚಿನಲ್ಲಿ ವೇದಿಕೆಯ ಒಂದು ಮೂಲೆ ಕಾಣುತ್ತದೆ. ಅಲ್ಲಿ ಜರಿಪೇಟ ತೊಟ್ಟ ದಪ್ಪ ಮೈಯ ಗೃಹಸ್ಥರೊಬ್ಬರು ಮೈಕಿನ ಮುಂದೆ ಕೈಜೋಡಿಸಿ ನಿಂತಿದ್ದಾರೆ. ಅವರ ಕೊರಳ ಹಾರದಿಂದ ಕಳಚಿದ ಚೆಂಡುಹೂವಿನ ಎಸಳೊಂದು ನೆಲಕ್ಕೆ ಬೀಳುವ ದಾರಿಯಲ್ಲಿ, ಗಾಳಿಯ ನಡುವೆಯೇ, ಎಂದೆಂದಿಗೂ ನಿಂತುಬಿಟ್ಟಿದೆ. ಕೆಳಗೆ ಮೊದಲ ಸಾಲಿನ ಕುರ್ಚಿಗಳು. ಒಬ್ಬರ ತಲೆ ಪಕ್ಕದವರ ಭುಜಕ್ಕೆ ಒರಗಿದೆ. ಆ ಪಕ್ಕದವರ ತಲೆ ಅವರಾಚೆಯವರ ಭುಜಕ್ಕೆ. ತುದಿಯಲ್ಲಿ ಕುಳಿತ ಹೆಂಗಸೊಬ್ಬಳು ಕೈಗಡಿಯಾರವನ್ನು ಬಿಚ್ಚಿ ಕಿವಿಗೆ ಹಿಡಿದು, ಅದು ನಡೆಯುತ್ತಿದೆಯೇ ಎಂದು ಆಲಿಸುತ್ತಿದ್ದಾಳೆ. ಚಿತ್ರದ ನಟ್ಟನಡುವೆ ಒಬ್ಬ ಮುದುಕ. ಹಣೆಯಲ್ಲಿ ವಿಭೂತಿ, ಮೈಯಲ್ಲಿ ಇಸ್ತ್ರಿಯ ಗೆರೆ ಕೆಡದ ಬಿಳಿ ಅಂಗಿ. ಎಡಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದೆ. ಬಲಗೈ, ಹೊರಟ ಬಸ್ಸನ್ನು ತಡೆಯುವವನ ಕೈಯಂತೆ, ಮೇಲೆ ಎದ್ದಿದೆ. ಬಾಯಿ ಎಷ್ಟು ಅಗಲವಾಗಿ ತೆರೆದಿದೆಯೆಂದರೆ, ಮೇಲಿನ ದವಡೆಯಲ್ಲಿ ಯಾವ ಯಾವ ಹಲ್ಲು ಉಳಿದಿವೆ ಎಂಬುದನ್ನು ಓದುಗರು ಮನೆಯಲ್ಲಿ ಕುಳಿತೇ ತಿಳಿಯಬಹುದು. ಕೆಳಗೆ ಅಚ್ಚಾದ ಸಾಲು: ‘ಅಧ್ಯಕ್ಷರ ನುಡಿಗೆ ಮಾರುಹೋಗಿ ಒನ್ಸ್ ಮೋರ್ ಎಂದು ಕೂಗಿದ ಮಾನ್ವಿಯ ಹಿರಿಯ ಶ್ರೋತೃ ಹಂಪಣ್ಣ.’

ಮುದುಕನ ಕಣ್ಣುಗಳು ಮಾತ್ರ ಮುಚ್ಚಿವೆ. ಭಾವಪರವಶತೆ ಎಂದು ಪತ್ರಿಕೆಯವರು ತಿಳಿದರು. ಅಧ್ಯಕ್ಷರೂ ಹಾಗೆಯೇ ತಿಳಿದರು. ಅದು ನಿದ್ದೆ ಎಂಬುದು ಇಡೀ ಜಿಲ್ಲೆಯಲ್ಲಿ ಹಂಪಣ್ಣನೊಬ್ಬನಿಗೇ ಗೊತ್ತಿತ್ತು.

ಒನ್ಸ್ ಮೋರ್ ಎಂಬ ಕೂಗು ನಮ್ಮ ಕಡೆಯ ನಾಟಕದ ಟೆಂಟುಗಳಲ್ಲಿ ಬೆಳೆದು ದೊಡ್ಡದಾದದ್ದು. ಹಾಡು ಹಿಡಿಸಿದರೆ ಜನ ಕೂಗಬೇಕು. ಜನ ಕೂಗಿದರೆ, ಕಥೆಯಲ್ಲಿ ಆಗತಾನೆ ಸತ್ತವನೂ ಎದ್ದು ಕುಳಿತು, ಧೂಳು ಕೊಡವಿ, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯಬೇಕು. ಇದು ಕಂಪನಿಗಳ ಧರ್ಮ. ಈ ಧರ್ಮಕ್ಕೆ ಹಂಪಣ್ಣ ಮಾನ್ವಿಯ ಪೀಠಾಧಿಪತಿಯಂತಿದ್ದ. ಅವನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ನಿಲ್ದಾಣಕ್ಕೆ ಮೈಕು ಬರುವ ಮೊದಲು ಹಂಪಣ್ಣನ ಗಂಟಲೇ ಮೈಕು. ಅವನು ‘ದೇವದುರ್ಗಾ...’ ಎಂದು ಎಳೆದು ಕೂಗಿದರೆ, ರಾಯಚೂರಿಗೆ ಹೊರಟವರು ಕೂಡ ಒಂದು ಗಳಿಗೆ ದೇವದುರ್ಗಕ್ಕೇ ಹೋದರೆ ಹೇಗೆ ಎಂದು ಯೋಚಿಸುತ್ತಿದ್ದರು. ಆ ಗಂಟಲು ಸಂಜೆಯಾದ ಮೇಲೆ ಸಂಗೀತಕ್ಕೆ ಮೀಸಲು. ಹಂಪಣ್ಣ ಕೂಗದ ಹಾಡಿಗೆ ಮಾನ್ವಿಯಲ್ಲಿ ಯಾರೂ ಕೂಗುತ್ತಿರಲಿಲ್ಲ. ಅವನು ಕೂಗಿದರೆ, ಯಾವ ಹಾಡು ಎಂದು ಕೂಡ ವಿಚಾರಿಸದೆ ಹಿಂದಿನ ಸಾಲುಗಳು ದನಿಗೂಡಿಸುತ್ತಿದ್ದವು.

ಈ ವಿದ್ಯೆಗೆ ಅವನದೇ ಒಂದು ಶಾಸ್ತ್ರವಿತ್ತು. ತಬಲಾದ ಕೊನೆಯ ಪೆಟ್ಟಿನ ಗುಂಗು ಆರಿರಬೇಕು, ಮೊದಲ ಚಪ್ಪಾಳೆ ಇನ್ನೂ ಹುಟ್ಟಿರಬಾರದು. ಆ ಸಂದಿನಲ್ಲಿ ಕೂಗು ಬೀಳಬೇಕು. ಇನ್ನೊಂದು ನಿಯಮವನ್ನು ಅವನು ಗೆಳೆಯ ಸೈಫುದ್ದೀನನಿಗೆ ಮತ್ತೆ ಮತ್ತೆ ಹೇಳುತ್ತಿದ್ದ: “ಒಂದು ಹಾಡಿಗಿ ಒಮ್ಮಿ ಕೇಳಿದ್ರ ರಸಿಕತನ. ಮತ್ತ ಕೇಳಿದ್ರ ಅದು ಹಾಡವ್ರ ಗಂಟಲದ ಮ್ಯಾಲ ಜುಲುಮಿ.”

ಸೈಫುದ್ದೀನ್ ನಿವೃತ್ತ ಡ್ರೈವರು. ಹಂಪಣ್ಣನ ಎಡಗಡೆ ಕುಳಿತು ಅಷ್ಟೂ ನಾಟಕಗಳನ್ನು ನೋಡಿದ ಕಾರಣ ಅವನ ಬಲಗಿವಿ ಈಗ ಕೇಳುವುದಿಲ್ಲ. “ನನ್ನ ಕಿವಿ ಸಂಗೀತಕ್ಕ ಶಹೀದ್ ಆಗ್ಯದ” ಎಂದು ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಹಂಪಣ್ಣನ ಹೆಂಡತಿ ಗದ್ದೆಮ್ಮನಿಗೆ ಈ ಶಾಸ್ತ್ರದಲ್ಲಿ ಯಾವ ಗೌರವವೂ ಇರಲಿಲ್ಲ. “ನಿಮ್ಮ ಮನಿಗಿ ಬಂದಾಗಿಂದ ದಿನಾ ರೊಟ್ಟಿ ಬಡದೀನಿ” ಎಂದು ಅವಳು ಕೇಳುತ್ತಿದ್ದಳು. “ಒಂದಿನ ತಾಟಿನ ಮುಂದ ಕುಂತು ಒನ್ಸ್ ಮೋರ್ ಅಂದೀರೇನು?”

ಹಂಪಣ್ಣ ಇನ್ನೊಂದು ರೊಟ್ಟಿಗೆ ತಾಟು ಮುಂದೆ ಚಾಚುತ್ತಿದ್ದ.

ಆ ಸಂಜೆ ಮಾನ್ವಿಯಲ್ಲಿ ನಡೆದದ್ದು ಇಷ್ಟು. ಒಂದು ರಸಮಂಜರಿ ಕಾರ್ಯಕ್ರಮ. ಆರ್ಕೆಸ್ಟ್ರಾದವರು ವಾದ್ಯಗಳನ್ನು ಶ್ರುತಿ ಮಾಡಿಕೊಂಡು ಕಾಯುತ್ತಿದ್ದರು. ಅದಕ್ಕೂ ಮೊದಲು ಉದ್ಘಾಟನೆ, ಉದ್ಘಾಟನೆಗೆ ಮೌನೇಶಪ್ಪನವರು. ಹೆಸರು ಮೌನೇಶಪ್ಪ, ಹುದ್ದೆ ಒಂದು ನಿಗಮದ ಅಧ್ಯಕ್ಷರು. ಯಾವ ನಿಗಮ ಎಂಬುದು ಅವರಿಗೂ ಭಾಷಣದ ಅರ್ಧಕ್ಕೆ ಬಂದಾಗಲೇ ನೆನಪಾಗುತ್ತಿತ್ತು. ಅಂದು ಅವರು ತಮ್ಮ ಬಾಲ್ಯದಿಂದ ಆರಂಭಿಸಿದರು. ಬಾಲ್ಯದಲ್ಲಿ ಅವರು ಶಾಲೆಗೆ ನಡೆದುಹೋಗುತ್ತಿದ್ದರು. ಭಾಷಣವೂ ಅದೇ ವೇಗದಲ್ಲಿ ಅವರೊಡನೆ ನಡೆಯಿತು. ಶಾಲೆ ಮುಟ್ಟುವಷ್ಟರಲ್ಲಿ ಹಂಪಣ್ಣನಿಗೆ ನಿದ್ದೆ ಹತ್ತಿತು. ಕಾಲುವೆಗೆ ನೀರು ಬಂತು, ಭತ್ತ ತೆನೆ ಬಿಟ್ಟಿತು, ನಿಗಮದ ಹೆಸರು ನೆನಪಾಯಿತು, ಭಾಷಣ ಮುಗಿಯಿತು. ಬಿಡುಗಡೆಗೊಂಡ ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆಯ ಮೊದಲ ಹನಿ ಕಿವಿಗೆ ಬಿದ್ದದ್ದೇ ತಡ, ನಿದ್ದೆಯಲ್ಲಿದ್ದ ರಸಿಕನಿಗೆ ತಾನು ಸಂದನ್ನು ತಪ್ಪಿಸಿಕೊಂಡೆನೆಂಬ ಗಾಬರಿಯಾಯಿತು. ಕಣ್ಣು ತೆರೆಯುವಷ್ಟು ಪುರುಸೊತ್ತು ಇರಲಿಲ್ಲ. ಕೈ ತಾನೇ ಎದ್ದಿತು.

“ಒನ್ಸ್ ಮೋರ್!”

ಹಂಪಣ್ಣ ಕೂಗಿದ ಮೇಲೆ ಹಿಂದಿನ ಸಾಲುಗಳಿಗೆ ಬೇರೆ ದಾರಿ ಇದೆಯೇ? ಅವೂ ಕೂಗಿದವು. ಮೌನೇಶಪ್ಪನವರು ಮೈಕಿನ ಮುಂದೆ ಸ್ತಬ್ಧರಾದರು. ಸಾರ್ವಜನಿಕ ಜೀವನಕ್ಕೆ ಬಂದಂದಿನಿಂದ ‘ಸಾಕು’ ಎಂಬ ಮಾತನ್ನು ಎಲ್ಲ ಧಾಟಿಗಳಲ್ಲಿಯೂ ಕೇಳಿದ್ದ ಮನುಷ್ಯ ಅವರು. ಅವರ ಕಣ್ಣಲ್ಲಿ ನೀರು ನಿಂತಿತು. ಶಾಲಿನ ಅಂಚಿನಿಂದ ಒರೆಸಿಕೊಂಡು, “ಜನರ ಇಚ್ಛಾಕ್ಕ ನಾನು ಅಡ್ಡಿ ಬರೂದಿಲ್ಲ” ಎಂದರು. ಮತ್ತೆ ಹುಟ್ಟಿದರು, ಮತ್ತೆ ಶಾಲೆಗೆ ಹೊರಟರು.

ಹತ್ತು ಗಂಟೆಗೆ ಮೈಕು ಬಂದ್ ಆಗಬೇಕೆಂಬ ಕಟ್ಟಪ್ಪಣೆ ಇತ್ತು. ಆರ್ಕೆಸ್ಟ್ರಾದವರು ಗಣಪತಿಯ ಸ್ತುತಿ ಮುಗಿಸಿ ನೇರವಾಗಿ ಮಂಗಳಕ್ಕೆ ಬಂದರು.

ಮರುದಿನ ಬೆಳಿಗ್ಗೆ ಓಣಿಯ ಪ್ರತಿಕ್ರಿಯೆ ಒಂದೇ ಧಾಟಿಯದಾಗಿತ್ತು. ನಳದ ಮುಂದೆ ಕೊಡ ಹಿಡಿದು ನಿಂತಿದ್ದ ಮಾರೆಮ್ಮ ಗಟ್ಟಿಯಾಗಿಯೇ ಹೇಳಿದಳು: “ಹೊಸಾ ಸೀರಿ ಉಟಗೊಂಡು ಹಾಡು ಕೇಳಾಕ ಹೋಗಿದ್ದೆ ನಮ್ಮವ್ವಾ. ಆ ಸಾಹೇಬ ಎರಡು ಸರ್ತಿ ಸಾಲಿಗಿ ಹ್ವಾದ, ನಾ ಒಂದು ಹಾಡೂ ಕೇಳಲಿಲ್ಲ. ಎಲ್ಲಾ ನಮ್ಮ ಕಂಟ್ರೋಲರ್ ಅದಾರಲ್ಲ, ಇವ್ರ ಪುಣ್ಯ!”

ಹೋಟೆಲ್ಲಿನಲ್ಲಿ ಮಂಡಕ್ಕಿ ವಗ್ಗರಣಿ-ಮಿರ್ಚಿ ತಿನ್ನಲು ಕುಳಿತವರು ಹಂಪಣ್ಣನನ್ನು ಕಂಡೊಡನೆ ಎದ್ದು ಬೇರೆ ಮೇಜಿಗೆ ಹೋದರು. ಒಬ್ಬ ಮಾತ್ರ ಕುಳಿತಿದ್ದ. ಅವನು ಯಾಪಲದಿನ್ನಿ ಹಳ್ಳಿಯವನು, ವಿಷಯ ತಿಳಿಯದವನು.

“ಹಂಪಣ್ಣ ಭಾಯ್, ಸಚ್ ಹೇಳು” ಎಂದ ಜೊತೆಗೆ ಬಂದಿದ್ದ ಸೈಫುದ್ದೀನ್. “ಆ ಭಾಷಣದಾಗ ನಿನಗ ಏನು ಛಲೋ ಅನಸ್ತು?”

ನಿದ್ದೆ ಹೋಗಿದ್ದೆ ಎಂದು ಒಪ್ಪಿಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಗೀತ ಸಭೆಯ ಮೊದಲ ಸಾಲಿನಲ್ಲಿ ನಿದ್ದೆ ಮಾಡಿದವನೆಂಬ ಹೆಸರು ಹೊತ್ತು ಬದುಕುವುದು ಪೀಠಾಧಿಪತಿಗೆ ಸಾಧ್ಯವೇ? ಹಂಪಣ್ಣ ಚಹಾ ಹೀರಿ, ಗಂಭೀರವಾಗಿ ಹೇಳಿದ: “ಆ ಮನಷ್ಯಾನ ಮಾತಿನಾಗ ಒಂದು ಲಯ ಅದ ಸೈಫಣ್ಣ. ನಿನಗ ಒಂದೇ ಕಿವಿ, ತಿಳಿಯಂಗಿಲ್ಲ.”

ಈ ಮಾತು ಮಧ್ಯಾಹ್ನದೊಳಗೆ ಮೌನೇಶಪ್ಪನವರನ್ನು ಮುಟ್ಟಿತು. ಸಂಜೆಗೆ ಹಂಪಣ್ಣನ ಮನೆಯ ಮುಂದೆ ಬಿಳಿಯ ಕಾರು ಬಂದು ನಿಂತಿತು. ಇಳಿದವನು ಅಧ್ಯಕ್ಷರ ಆಪ್ತ ಸಹಾಯಕ ಬೀರೇಶ. ಅಧ್ಯಕ್ಷರ ಚೀಲ, ಅಧ್ಯಕ್ಷರ ಮಾತ್ರೆ, ಅಧ್ಯಕ್ಷರ ನೀರಿನ ಬಾಟಲಿ, ಇವನ್ನೆಲ್ಲ ಹೊರುವ ಕೆಲಸದಲ್ಲಿ ಅವನ ಸ್ವಂತ ಮುಖಭಾವ ಎಲ್ಲಿಯೋ ಕಳೆದುಹೋಗಿತ್ತು.

“ಯಪ್ಪಾ, ಸಾಹೇಬ್ರು ನಿನ್ನೆ ಮಲಗೇ ಇಲ್ಲ” ಎಂದ ಬೀರೇಶ. “ಬರೇ ನಿಮ್ಮ ಮಾತೇ. ಮುಂದಿನ ವಾರ ದೇವದುರ್ಗದಾಗ ಫಂಕ್ಷನ್ ಅದ. ನೀವು ಬರಲೇಬೇಕು. ಸಾಹೇಬ್ರು ಭಾಷಣ ನಿಲ್ಲಿಸಿ ನಿಮ್ಮ ಕಡಿ ನೋಡ್ತಾರ. ಆಗ ನೀವು...”

“ನಾನು ಹೇಳಿಸಿಕೊಂಡು ಕೂಗಾಂವ ಅಲ್ಲಪಾ” ಎಂದ ಹಂಪಣ್ಣ. ಶಾಸ್ತ್ರ ಇನ್ನೂ ಜೀವಂತವಾಗಿತ್ತು.

ಬೀರೇಶ ಅಂಗಿಯ ಜೇಬಿನಿಂದ ಒಂದು ಗುಲಾಬಿ ಬಣ್ಣದ ಪಾಸು ತೆಗೆದು ಮುಂದೆ ಹಿಡಿದ. “ಅದಾದ ಮ್ಯಾಲ ರಾಯಚೂರಾಗ ಅನ್ನಪೂರ್ಣಮ್ಮನವ್ರ ಕೊನೀ ಕಾರ್ಯಕ್ರಮ. ಇನ್ನ ಮುಂದ ಸ್ಟೇಜಿಗಿ ಹತ್ತಂಗಿಲ್ಲ ಅಂದಾರ. ಟಿಕೇಟ್ ಇಲ್ಲ, ಬರೇ ಪಾಸು. ಪಾಸು ಸಾಹೇಬ್ರ ಕೈಯಾಗ.”

ಹಂಪಣ್ಣನ ಕೈ, ಆ ಸಂಜೆಯಂತೆಯೇ, ತಾನಾಗಿ ಮೇಲೆದ್ದಿತು.

ಅನ್ನಪೂರ್ಣಮ್ಮ ಯಾರೆಂದು ತಿಳಿಯದೆ ಈ ಕೈಯ ಏಳುವಿಕೆ ಅರ್ಥವಾಗದು. ಹಂಪಣ್ಣನಿಗೆ ಹೊಸದಾಗಿ ನೌಕರಿ ಸಿಕ್ಕಿದ್ದ ಕಾಲದಲ್ಲಿ ದೇವದುರ್ಗದ ಬಯಲಿನಲ್ಲಿ ಒಂದು ನಾಟಕ ಕಂಪನಿ ಮೊಕ್ಕಾಂ ಮಾಡಿತ್ತು. ಅದರಲ್ಲಿ ಅನ್ನಪೂರ್ಣಮ್ಮ ಹಾಡುತ್ತಿದ್ದ ಒಂದು ಹಾಡು, ಕೊನೆಯ ಬಸ್ಸಿನಲ್ಲಿ ಊರು ಬಿಟ್ಟವನಿಗಾಗಿ ಕಾಯುವ ಹೆಣ್ಣಿನದು: ‘ಹ್ವಾದ ಬಸ್ಸು ಹೊಳ್ಳಿ ಬರಲಿಲ್ಲ, ಹಚ್ಚಿದ ದೀಪಾ ಆರಲಿಲ್ಲ.’ ಕಂಟ್ರೋಲರನಾದ ಹಂಪಣ್ಣ ಇದನ್ನು ಇಲಾಖೆಯ ಮೇಲಿನ ದೂರೆಂದೇ ಮೊದಲು ಭಾವಿಸಿದ್ದ. ಆಮೇಲೆ ಅಳತೊಡಗಿದ. ಆಮೇಲೆ ಕೂಗಿದ. ಮೊಕ್ಕಾಂ ಏಳುವವರೆಗೂ ಡ್ಯೂಟಿ ಮುಗಿಸಿ ದೇವದುರ್ಗದ ಬಸ್ಸಿಗೆ ಹಾರಿಕೊಂಡು ಹೋಗಿ ಕೂಗಿದ. ಅನ್ನಪೂರ್ಣಮ್ಮ ತನ್ನ ಕೂಗು ಬೀಳುವ ದಿಕ್ಕಿಗೆ ತಿರುಗಿ, ನಕ್ಕು, ಮತ್ತೆ ಹಾಡುತ್ತಿದ್ದರು ಎಂದು ಅವನು ಹೇಳುತ್ತಿದ್ದ. “ನಿನ್ನ ಬಾಜೂಕ ಗ್ಯಾಸಬತ್ತಿ ಇತ್ತು, ಆಕಿ ಅದನ್ನ ನೋಡ್ತಿದ್ಳು” ಎಂದು ಸೈಫುದ್ದೀನ್ ಹೇಳುತ್ತಿದ್ದ. ಈ ವಾದ ಇತ್ಯರ್ಥವಾಗದೆ ಇಬ್ಬರಿಗೂ ಕೂದಲು ಬೆಳ್ಳಗಾಗಿತ್ತು.

ಒಳಮನೆಯಿಂದ ಗದ್ದೆಮ್ಮ ಹೊರಗೆ ಬಂದಳು. “ಏ ತಮ್ಮಾ, ಎರಡು ಪಾಸು ಕೊಡು. ಆ ಅನ್ನಪೂರ್ಣಮ್ಮ ಅನ್ನಾಕಿ ಹೆಂಗ ಅದಾಳ ಅಂತ ನಾನೂ ಒಮ್ಮಿ ನೋಡಬೇಕು.”

“ಮೂರು” ಎಂದ ಸೈಫುದ್ದೀನ್ ಕಟ್ಟೆಯ ಮೇಲಿಂದ. ಬೇಕಾದದ್ದು ಅವನ ಒಂದು ಕಿವಿಗೂ ಸರಿಯಾಗಿ ಕೇಳುತ್ತಿತ್ತು.

“ಮೊದಲು ದೇವದುರ್ಗ ಆಗಲಿ. ಪಾಸು ಅದಾದ ಮ್ಯಾಲ” ಎಂದ ಬೀರೇಶ, ಗುಲಾಬಿ ಕಾಗದವನ್ನು ಜೇಬಿನೊಳಕ್ಕೆ ಇಳಿಸುತ್ತ.

ದೇವದುರ್ಗದ ಕಾರ್ಯಕ್ರಮದ ಯಜಮಾನ ಬೇರೆ ಯಾರೂ ಅಲ್ಲ, ಹಂಪಣ್ಣನ ಬೀಗ ಬಸವಲಿಂಗಪ್ಪ. ಹಂಪಣ್ಣನ ಮಗಳನ್ನು ಸೊಸೆಯಾಗಿ ತಂದುಕೊಂಡವನು, ರೈಸ್ ಮಿಲ್ಲಿನ ಒಡೆಯ. ಮಿಲ್ಲಿಗೆ ಹೊಸ ಯಂತ್ರ ಬಂದ ಸಂತೋಷಕ್ಕೆ ಆರ್ಕೆಸ್ಟ್ರಾ ಕರೆಸಿದ್ದ. ಮಾನ್ವಿಯ ಸುದ್ದಿ ಅವನನ್ನು ಆಗಲೇ ಮುಟ್ಟಿತ್ತು. ಬಿಳಿಯ ಕಾರಿನಿಂದ ಬೀಗರು ಇಳಿಯುವುದನ್ನು ಕಂಡು ಅವನ ಕೈಯಲ್ಲಿದ್ದ ಹಾರ ನೆಲಕ್ಕೆ ಬಿತ್ತು.

“ಬೀಗ್ರ, ನಿಮ್ಮ ಕಾಲಿಗಿ ಬೀಳ್ತೀನಿ” ಎಂದು ಅವನು ಹಂಪಣ್ಣನನ್ನು ಭತ್ತದ ಚೀಲಗಳ ಮರೆಗೆ ಎಳೆದುಕೊಂಡು ಹೋದ. “ಇವತ್ತು ಬಾಯಿ ತೆರಿಬ್ಯಾಡ್ರಿ. ಹಳ್ಳಿ ಹಳ್ಳಿಯಿಂದ ಮಂದಿ ಬಂದಾರ. ಹಾಡು ಇಲ್ಲ ಅಂದ್ರ ನನ್ನ ಮಿಲ್ ಉಳ್ಯಂಗಿಲ್ಲ.”

“ಬೀಗ್ರ, ನನಗೇನು ಕೂಗೂ ಹೌಸಿ ಅದೇನ್ರಿ? ಅನ್ನಪೂರ್ಣಮ್ಮನ ಪಾಸು...”

“ಯಾವ ಅನ್ನಪೂರ್ಣಮ್ಮ? ಯಾವ ಪಾಸು? ಬೀಗಿತ್ತಿಗಿ ಗೊತ್ತದೇನು ಇದು?”

“ಗೊತ್ತದ. ಆಕೀನೂ ಬರ್ತಾಳ.”

ಬಸವಲಿಂಗಪ್ಪನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅವನು ವ್ಯವಹಾರಸ್ಥ. ವಿವೇಕದಿಂದ ಮುಚ್ಚದ ಬಾಯನ್ನು ಉಪಚಾರದಿಂದ ಮುಚ್ಚಬಹುದೆಂಬುದು ಅವನಿಗೆ ತಿಳಿದಿತ್ತು. ಬೀಗರಿಗೆ ಬಡಿಸುವಾಗ ಒತ್ತಾಯ ಮಾಡಬೇಕು, ಬೀಗರು ಒಲ್ಲೆ ಎನ್ನಬಾರದು. ಇದು ನಾಡಿನ ನಡೆ. ಭಾಷಣ ಮುಗಿಯುವ ಲಕ್ಷಣ ಕಂಡೊಡನೆ ಅವನು ಆಗತಾನೆ ಕರಿದ ಮಿರ್ಚಿಭಜಿಯ ತಾಟು ಹಿಡಿದು ಹಂಪಣ್ಣನ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿದ. “ಒಂದು ತಗೋರಿ ಬೀಗ್ರ. ನಮ್ಮ ಮನಿ ಮ್ಯಾಲ ಪ್ರೀತಿ ಇದ್ರ ಇದೊಂದು. ನಿಮ್ಮ ಮಗಳ ಆಣಿ, ಇದೊಂದು.” ಒಂದರ ಹಿಂದೆ ಒಂದು, ಇಡಿಯಾಗಿ, ಬಾಯೊಳಗೆ.

ನಿಗಮದ ಹೆಸರು ನೆನಪಾಯಿತು. ಭಾಷಣ ಮುಗಿಯಿತು. ಮೌನೇಶಪ್ಪನವರು ಕೈಜೋಡಿಸಿ, ಹಂಪಣ್ಣನತ್ತ ತಿರುಗಿ ನಿಂತರು. ಹಂಪಣ್ಣನ ಎರಡೂ ಕೆನ್ನೆಗಳು ಉಬ್ಬಿದ್ದವು. ಬಾಯೊಳಗೆ ಬೆಂಕಿ. ಅವನು ಉಸಿರೆಳೆಯಲು ಹೋದ, ಖಾರ ನೆತ್ತಿಗೇರಿತು. ಮುಖ ಕೆಂಪಾಯಿತು. ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು, ಬಿಕ್ಕುತ್ತ, ಅವನು ವೇದಿಕೆಯತ್ತ ನೋಡಿದ.

ಇಡೀ ಸಭೆ ಉಸಿರು ಬಿಗಿಹಿಡಿದಿತ್ತು. ಬಸವಲಿಂಗಪ್ಪ ಮನೆದೇವರನ್ನು ನೆನೆದ.

“ನೋಡ್ರಿ!” ಎಂದರು ಮೌನೇಶಪ್ಪನವರು ಗದ್ಗದಿತರಾಗಿ. “ಆ ಹಿರಿಯ ಜೀವಕ್ಕ ಮಾತೇ ಹೊಂಡವಲ್ಲವು. ಕಣ್ಣೀರಿನಾಗ ಕೇಳಾಕತ್ತದ. ಇಂಥ ಕೇಳಿಕಿಗಿ ನಾ ಹೆಂಗ ಇಲ್ಲ ಅನ್ನಲಿ?”

ಮತ್ತೆ ಹುಟ್ಟಿದರು.

ಹಿಂದಿರುಗುವಾಗ ಕಾರಿನಲ್ಲಿ ಬೀರೇಶ ಮೂರು ಪಾಸು ಕೊಟ್ಟು, ಮೆಲ್ಲಗೆ ಹೇಳಿದ: “ಯಪ್ಪಾ, ನಿಮಗಿಂತಾ ಮೊದಲ ಆ ಭಾಷಣ ನಾ ಒಂದೇ ಸರ್ತಿ ಕೇಳ್ತಿದ್ದೆ.” ಅವನ ಮುಖದ ಮೇಲೆ ಮೊತ್ತಮೊದಲ ಬಾರಿಗೆ ಒಂದು ಸ್ವಂತ ಭಾವ ಕಾಣಿಸಿಕೊಂಡಿತು. ಅದು ದ್ವೇಷ.

ಪಾಸು ಕೈಗೆ ಬಂದ ಮೇಲೆ ಹಂಪಣ್ಣನಿಗೆ ವ್ಯವಹಾರದ ನಿಜವಾದ ಆಳ ಗೋಚರಿಸಿತು. ಪಾಸಿನ ಮೇಲೆಯೇ ಅಚ್ಚಾಗಿತ್ತು: ಉದ್ಘಾಟನೆ, ಮೌನೇಶಪ್ಪನವರು, ಅನಂತರ ಗಾಯನ, ಹತ್ತಕ್ಕೆ ಮುಕ್ತಾಯ. ಭಾಷಣ ಒಮ್ಮೆ ನಡೆದರೆ ಅನ್ನಪೂರ್ಣಮ್ಮನಿಗೆ ಅರ್ಧ ಸಂಜೆ. ಎರಡು ಸಲ ನಡೆದರೆ ನಮಸ್ಕಾರವೊಂದೇ. ಅವರ ಕೊನೆಯ ಹಾಡನ್ನು ನುಂಗಿಬಿಡಲು ತನ್ನ ಒಂದು ಕೂಗು ಸಾಕು.

“ಕೂಗಬ್ಯಾಡ್ರಿ, ಮುಗೀತು” ಎಂದಳು ಗದ್ದೆಮ್ಮ.

“ಕೂಗದಿದ್ರೂ ಅಂವ ಹೊಳ್ಳಿ ಹುಟ್ಟತಾನ. ದೇವದುರ್ಗದಾಗ ನೋಡೀನಲ್ಲ.”

“ಹಂಗಾದ್ರ ಹೋಗಬ್ಯಾಡ್ರಿ.”

ಹಂಪಣ್ಣ ಹೆಂಡತಿಯನ್ನು ನೋಡಿದ ನೋಟಕ್ಕೆ ಅವಳು ಪೆಟ್ಟಿಗೆಯಿಂದ ಅವನ ಬಿಳಿ ಅಂಗಿ ತೆಗೆದು ಇಸ್ತ್ರಿಗೆ ಕಳಿಸಿದಳು.

ರಾಯಚೂರಿನ ಸಭಾಂಗಣ ತುಂಬಿಹೋಗಿತ್ತು. ಕಿವಿಗೆ ಮಫ್ಲರು ಸುತ್ತಿದವರು, ಕೋಲೂರಿದವರು, ಮೊಮ್ಮಕ್ಕಳ ಭುಜ ಹಿಡಿದವರು. ಹಳೆಯ ಟೆಂಟುಗಳಲ್ಲಿ ನೆಲದ ಮೇಲೆ ಕುಳಿತವರೆಲ್ಲ ಈಗ ಮೆತ್ತನೆಯ ಕುರ್ಚಿಗಳ ಮೇಲೆ ಕುಳಿತಿದ್ದರು. ಮಾನ್ವಿಯ ಒಂದು ಬಸ್ಸಿನಷ್ಟು ಜನವೂ ಹೇಗೋ ಪಾಸು ಗಿಟ್ಟಿಸಿ ಬಂದಿದ್ದರು. ನಡುವೆ ಹೊಸ ಸೀರೆಯ ಮಾರೆಮ್ಮ. ಹಂಪಣ್ಣ ಮೊದಲ ಸಾಲಿಗೆ ನಡೆದಾಗ ಅವರ ನಡುವೆ ಒಂದು ನರಳಿಕೆ ಹಾದುಹೋಯಿತು. “ಬಂತು ನೋಡು ಶನಿ” ಎಂದಿತು ಒಂದು ದನಿ. ಹಂಪಣ್ಣ ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡು, ತುಟಿ ಬಿಗಿದು, ಗದ್ದೆಮ್ಮ ಮತ್ತು ಸೈಫುದ್ದೀನನ ನಡುವೆ ಕುಳಿತ. ತೆರೆಯ ಸಂದಿನಲ್ಲಿ ಬಿಳಿ ಸೀರೆಯ ಅಂಚೊಂದು ಕಾಣುತ್ತಿತ್ತು.

ಮೌನೇಶಪ್ಪನವರು ಮೈಕಿನ ಮುಂದೆ ಬಂದರು. ಗಂಟಲು ಸರಿಪಡಿಸಿಕೊಂಡರು.

“ರಾಯಚೂರಿನ ಸಮಸ್ತ ಕಲಾರಸಿಕರಿಗೆ ನನ್ನ ಸಾಷ್ಟಾಂಗ ನಮಸ್ಕಾರಗಳು!”

ಇಷ್ಟು ಹೇಳಿ ಅವರು ಕೈಜೋಡಿಸಿದರು. ಮೊದಲ ಸಾಲಿನಲ್ಲಿ ತಮ್ಮ ಶ್ರೋತೃವನ್ನು ಗುರುತಿಸಿ, ಅವನತ್ತ ವಿಶೇಷವಾಗಿ ತಿರುಗಿ, ಒಂದು ಕ್ಷಣ ನಿಂತರು.

ಹಂಪಣ್ಣನಿಗೆ ಬೀರೇಶನ ಕರಾರು ನೆನಪಾಯಿತು: ಸಾಹೇಬರು ಭಾಷಣ ನಿಲ್ಲಿಸಿ ನೋಡುತ್ತಾರೆ, ಆಗ. ಸಾಹೇಬರು ನಿಲ್ಲಿಸಿದ್ದರು. ನೋಡುತ್ತಿದ್ದರು. ಋಣವೊಂದನ್ನು ಆದಷ್ಟು ಬೇಗ ತೀರಿಸಿ ಕೈತೊಳೆದುಕೊಳ್ಳುವ ಆತುರದಲ್ಲಿ ಅವನು ಕಲ್ಲುಸಕ್ಕರೆ ನುಂಗಿ ಎದ್ದುನಿಂತ.

“ಒನ್ಸ್ ಮೋರ್!”

ಸಭೆ ಬೆಚ್ಚಿಬಿತ್ತು. ಮೌನೇಶಪ್ಪನವರ ಮುಖ ಅರಳಿತು. ಒಂದೇ ವಾಕ್ಯಕ್ಕೆ! “ಆಗಲಿ, ಆಗಲಿ” ಎಂದು ನಕ್ಕು, ಇನ್ನಷ್ಟು ಬಾಗಿ, ಇನ್ನಷ್ಟು ಎಳೆದು ಹೇಳಿದರು: “ರಾಯಚೂರಿನ ಸಮಸ್ತ ಕಲಾರಸಿಕರಿಗೆ ನನ್ನ ಸಾಷ್ಟಾಂಗ ನಮಸ್ಕಾರಗಳು!” ಮತ್ತೆ ನಿಂತರು, ಮತ್ತೆ ನೋಡಿದರು.

ನೋಡಿದರೆ ಹಂಪಣ್ಣ ಏನು ಮಾಡಬೇಕು? “ಒನ್ಸ್ ಮೋರ್!”

ಮಾನ್ವಿಯ ಜನಕ್ಕೆ ಈ ಕೂಗಿನ ಮಹಿಮೆ ಹೊಳೆದದ್ದು ಆಗ. ಅಧ್ಯಕ್ಷರು ನಮಸ್ಕಾರದಲ್ಲಿಯೇ ಉಳಿದರೆ ಬಾಲ್ಯಕ್ಕೆ ಹೋಗುವುದಿಲ್ಲ. ಬಾಲ್ಯಕ್ಕೆ ಹೋಗದಿದ್ದರೆ ಶಾಲೆ ಇಲ್ಲ, ಕಾಲುವೆ ಇಲ್ಲ, ನಿಗಮವಿಲ್ಲ. “ಯವ್ವಾ, ಕಂಟ್ರೋಲರ್ ಶಾಣ್ಯಾ ಅದಾನ!” ಎಂದು ಮಾರೆಮ್ಮ ಎದ್ದುನಿಂತು ಕೂಗಿದಳು. ಸಾಲಿನಿಂದ ಸಾಲಿಗೆ ಅರಿವು ಹರಿಯಿತು. ಮುಂದಿನ ನಮಸ್ಕಾರಕ್ಕೆ ಇಡೀ ಸಭಾಂಗಣ ಎದ್ದು ಮೊಳಗಿತು. ಬಾಗಿಲಲ್ಲಿ ಕಾವಲಿಗಿದ್ದ ಪೊಲೀಸಪ್ಪನೂ ಟೋಪಿ ತೆಗೆದು ಕೂಗಿದ. ಬೀರೇಶ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ.

ಮೌನೇಶಪ್ಪನವರು ಬೆವರಿದರು. ಪೇಟ ವಾಲಿತು. ಸಂತೋಷ ತಡೆಯಲಾರದೆ, ಮಾತನ್ನು ಕೃತಿಗಿಳಿಸಲು ನಿಶ್ಚಯಿಸಿ, ವೇದಿಕೆಯ ಮೇಲೆ ನಿಜವಾಗಿಯೇ ಉದ್ದಂಡ ಮಲಗಿ ಸಾಷ್ಟಾಂಗ ಹಾಕಿದರು. ಚಪ್ಪಾಳೆ ಗುಡುಗಿತು. ಏಳಲು ಮಾತ್ರ ಅವರಿಂದ ಆಗಲಿಲ್ಲ. ಬೀರೇಶನೂ ತಬಲಾದವನೂ ಎರಡು ರಟ್ಟೆ ಹಿಡಿದು ಎಬ್ಬಿಸಿ ಕುರ್ಚಿಗೆ ಒಯ್ದರು. ಏದುಸಿರಿನ ನಡುವೆ ಅವರು ಮೈಕಿಗೆ ಇಷ್ಟೇ ಹೇಳಿದರು: “ನನ್ನ ನಮಸ್ಕಾರಕ್ಕೇ ಇಷ್ಟು ಪ್ರೀತಿ! ಇನ್ನ ಭಾಷಣ ಎದಕ್ಕ ಬೇಕ್ರಿ? ಹಾಡು ಚಾಲೂ ಆಗಲಿ.”

ಸೈಫುದ್ದೀನ್ ಹಂಪಣ್ಣನ ಬೆನ್ನ ಮೇಲೆ ಬಲವಾಗಿ ಗುದ್ದಿದ. “ವಾಹ್ ಮೇರೆ ಶೇರ್!” ಹಂಪಣ್ಣ ಉತ್ತರ ಕೊಡಲು ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ.

ಅನ್ನಪೂರ್ಣಮ್ಮ ಬಂದು ಕುಳಿತರು. ಬಿಳಿ ಸೀರೆ, ಬಿಳಿ ಕೂದಲು, ದಪ್ಪ ಗಾಜಿನ ಕನ್ನಡಕ. ಹಾರ್ಮೋನಿಯಂ ಉಸಿರೆಳೆಯಿತು. ಹಾಡಿನ ಮೇಲೆ ಹಾಡು ಬಂತು. ಸಂಜೆಯೆಲ್ಲ ಅವರದೇ ಆಯಿತು. ಹಂಪಣ್ಣ ಯಾವುದಕ್ಕೂ ಕೈಯೆತ್ತಲಿಲ್ಲ. ಕಲ್ಲುಸಕ್ಕರೆ ಚೀಪುತ್ತ ಕಾಯುತ್ತಿದ್ದ. ಕೊನೆಯಲ್ಲಿ ಅದು ಬಂತು: ‘ಹ್ವಾದ ಬಸ್ಸು ಹೊಳ್ಳಿ ಬರಲಿಲ್ಲ.’ ದನಿ ಹಳೆಯ ದನಿಯಾಗಿರಲಿಲ್ಲ. ಮೇಲಿನ ಸ್ವರಕ್ಕೆ ಹತ್ತುವಾಗ ಅದು ನಡುವೆ ಒಮ್ಮೆ ಕುಳಿತು ದಣಿವಾರಿಸಿಕೊಳ್ಳುತ್ತಿತ್ತು. ಆದರೆ ಅದು ಕುಳಿತ ಜಾಗದಲ್ಲೆಲ್ಲ ಒಂದು ದೀಪ ಹೊತ್ತಿದಂತೆ ಬೆಳಕು ಉಳಿಯುತ್ತಿತ್ತು.

ಹಾಡು ಮುಗಿಯಿತು. ತಬಲಾದ ಕೊನೆಯ ಪೆಟ್ಟಿನ ಗುಂಗು ಆರಿತು. ಚಪ್ಪಾಳೆ ಇನ್ನೂ ಹುಟ್ಟಿರಲಿಲ್ಲ. ಸಂದು ತೆರೆದು ನಿಂತಿತ್ತು.

ಹಂಪಣ್ಣನ ಕೈ ಎದ್ದಿತು. ಬಾಯಿ ತೆರೆಯಿತು. ದೇವದುರ್ಗದ ಮಿರ್ಚಿಯ ಆರದ ಉರಿ, ನಮಸ್ಕಾರಗಳಿಗೆ ಕೂಗಿದ ದಣಿವು, ಎಲ್ಲ ಸೇರಿ ಗಂಟಲನ್ನು ಮುಚ್ಚಿಬಿಟ್ಟಿದ್ದವು. ಛಾಯಾಚಿತ್ರದಲ್ಲಿದ್ದಂತೆಯೇ ಅವನು ಕುಳಿತಿದ್ದ. ಕಣ್ಣುಗಳು ಮಾತ್ರ ಪೂರ್ತಿ ತೆರೆದಿದ್ದವು. ಹಿಂದಿನ ಸಾಲುಗಳು ಅವನ ಕೂಗಿಗಾಗಿ ಕಾಯುತ್ತಿದ್ದವು. ಅನ್ನಪೂರ್ಣಮ್ಮ ಕನ್ನಡಕ ತೆಗೆದು ಮಡಿಸತೊಡಗಿದರು.

ಗದ್ದೆಮ್ಮ ಗಂಡನ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾಳಿಗೆಯ ಮೇಲೆ ನಿಂತು ಆಚೆ ಓಣಿಯವರನ್ನು ಕರೆಯುವ ದನಿಯಲ್ಲಿ ಕೂಗಿದಳು:

“ಯವ್ವಾ, ಇನ್ನೊಮ್ಮಿ ಹಾಡಬೇ! ನಮ್ಮ ಮನಿಯವ್ರ ಗಂಟಲ ಹೋಗ್ಯದ!”

ಸಭೆ ನಕ್ಕಿತು. ಅನ್ನಪೂರ್ಣಮ್ಮ ಕನ್ನಡಕವನ್ನು ಮತ್ತೆ ಏರಿಸಿ, ಮೊದಲ ಸಾಲಿನತ್ತ ಬಗ್ಗಿ, ಎತ್ತಿದ ಆ ಕೈಯನ್ನು ಬಹಳ ಹೊತ್ತು ನೋಡಿದರು.

“ಯಾವ ಗಂಟಲಬೇ ಅದು?” ಎಂದರು ಮೈಕಿನಲ್ಲಿ. “ದೇವದುರ್ಗದ ಟೆಂಟಿನಾಗ ಬಸ್ಸು ಕರದಂಗ ಒನ್ಸ್ ಮೋರ್ ಕರೀತಿತ್ತಲ್ಲ, ಅದೇನು?”

“ಅದೇ ನಮ್ಮವ್ವಾ, ಅದೇ!” ಎಂದಳು ಗದ್ದೆಮ್ಮ. “ಇವ್ರೇ!”

ಸೈಫುದ್ದೀನ್ ಎರಡೂ ಕಿವಿಗಳನ್ನು ಹಿಡಿದುಕೊಂಡು ಹಂಪಣ್ಣನ ಮುಂದೆ ತಲೆಬಾಗಿಸಿದ. ಗ್ಯಾಸಬತ್ತಿಯ ಮೊಕದ್ದಮೆ ಅಲ್ಲಿಗೆ ಇತ್ಯರ್ಥವಾಯಿತು.

ಅವರು ಮತ್ತೆ ಹಾಡಿದರು. ಈ ಸಲ ದನಿ ಎಲ್ಲಿಯೂ ಕುಳಿತುಕೊಳ್ಳಲಿಲ್ಲ. ಹಾಡು ಮುಗಿದಾಗ ಗಡಿಯಾರದಲ್ಲಿ ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತು ಬಾಕಿಯಿತ್ತು. ಅವರು ಎದ್ದು, ಸಭೆಗೆ ಕೈಮುಗಿದು, ವೇದಿಕೆಯ ಪಕ್ಕದ ಬಾಗಿಲಿನತ್ತ ನಿಧಾನವಾಗಿ ನಡೆದರು. ಬಾಗಿಲ ಬಳಿ ನಿಂತು ಒಮ್ಮೆ ತಿರುಗಿದರು.

ಹಂಪಣ್ಣ ಗಂಟಲು ಕೆರೆದುಕೊಂಡ. ದನಿ ಬಂದಿತ್ತು.

“ಇನ್ನೊಮ್ಮಿ ಕೂಗಲೇನ್ರಿ?” ಎಂದಳು ಗದ್ದೆಮ್ಮ, ಆಗಲೇ ಕುರ್ಚಿಯಿಂದ ಅರ್ಧ ಎದ್ದು. ಅವಳಿಗೆ ರುಚಿ ಹತ್ತಿತ್ತು. ಹಿಂದಿನ ಸಾಲುಗಳಲ್ಲಿ ಎಲ್ಲರೂ ಹಂಪಣ್ಣನ ಕೈಯನ್ನೇ ನೋಡುತ್ತಿದ್ದರು.

ಹಂಪಣ್ಣ ಆ ಕೈಯಿಂದ ಹೆಂಡತಿಯ ಮುಂಗೈ ಹಿಡಿದು ಮೆಲ್ಲಗೆ ಕೂರಿಸಿದ. “ಸಾಕಬೇ” ಎಂದ. “ಮತ್ತ ಕೇಳಿದ್ರ ಜುಲುಮಿ.”

ಅನ್ನಪೂರ್ಣಮ್ಮ ಮೊದಲ ಸಾಲಿನತ್ತ ನೋಡಿ ನಕ್ಕರು. ಬಿಳಿ ಸೀರೆಯ ಅಂಚು ಹೊಸ್ತಿಲು ದಾಟಿತು, ಬಾಗಿಲು ಮುಚ್ಚಿಕೊಂಡಿತು.